ಸೇದಿದರೆ ತಲೆ ಓಡುತ್ತದೆ ಎಂದು ನಂಬಿದ್ದೆ: 10 ವಾರದ ಸಂಜೆ ಕ್ಲಾಸಿನ ಬಗ್ಗೆ ನನ್ನ ಅನಿಸಿಕೆ

ನನಗೆ 47 ವರ್ಷ. ಪ್ರೂಫ್ ತಿದ್ದುವ ಕೆಲಸ. 22 ವರ್ಷದಿಂದ ಸಿಗರೇಟ್ ಸೇದುತ್ತಿದ್ದೆ. ದಿನಕ್ಕೆ 14, ಕೆಲಸ ಜಾಸ್ತಿ ಇದ್ದ ದಿನ 18. ಎಂಟು ಪುಟ ತಿದ್ದಿದರೆ ಒಂದು ಸಿಗರೇಟ್, ಇದು ನನ್ನ ಲೆಕ್ಕ. ಸೇದಿ ಬಂದು ಕೂತರೆ ಅಕ್ಷರಗಳು ಎದ್ದು ಕಾಣುತ್ತವೆ, ಬಿಟ್ಟುಹೋದ ಒತ್ತಕ್ಷರ ತಾನಾಗೇ ಕಣ್ಣಿಗೆ ಬೀಳುತ್ತದೆ ಅಂತ ನಿಜವಾಗಿಯೂ ನಂಬಿದ್ದೆ. ಹಾಗಾಗಿ ಈ ವಯಸ್ಸಿನಲ್ಲಿ ಅನುವಾದದ ಡಿಪ್ಲೊಮಾ ಪರೀಕ್ಷೆಗೆ ಕಟ್ಟಿದಾಗ, ಸಿಗರೇಟ್ ಬಿಡುವ ಯೋಚನೆಯನ್ನು ಪರೀಕ್ಷೆ ಮುಗಿಯುವ ತನಕ ಮುಂದೂಡಿದ್ದೆ. ಓದುವಾಗ ಬಿಟ್ಟರೆ ತಲೆಗೆ ಏನೂ ಹತ್ತಲ್ಲ ಅನ್ನುವ ಭಯ.

ಆಗ ಸೇರಿದ್ದು ಈ ಕ್ಲಾಸ್. ವಯಸ್ಕರ ಶಿಕ್ಷಣ ಕೇಂದ್ರವೊಂದು ನಡೆಸುವ 10 ವಾರದ ತರಗತಿ, ವಾರಕ್ಕೊಂದು ಸಂಜೆ, ಎರಡು ಗಂಟೆ. ದೊಡ್ಡವರಾದ ಮೇಲೆ ಓದುವುದು ಹೇಗೆ, ತಂಬಾಕು ನೆನಪಿಗೂ ಗಮನಕ್ಕೂ ಏನು ಮಾಡುತ್ತದೆ, ಈ ಎರಡನ್ನೂ ಒಟ್ಟಿಗೆ ಕಲಿಸುತ್ತಾರೆ. ನಾವು 14 ಜನ ಇದ್ದೆವು. ಒಂಬತ್ತು ಜನ ಸೇದುವವರು, ಇಬ್ಬರು ಬಿಟ್ಟವರು. ಉಳಿದ ಮೂವರು ಯಾವತ್ತೂ ಸೇದಿದವರಲ್ಲ, ಬರೀ ಓದುವ ಕ್ರಮ ಕಲಿಯಲು ಬಂದವರು. ಅವರು ನಮ್ಮ ಜೊತೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಎರಡನೇ ವಾರ ಗೊತ್ತಾಯಿತು.

ಮೊದಲ ದಿನ ಉಪದೇಶ ಇರಲಿಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಉಪದೇಶ ಶುರುವಾದರೆ ಎದ್ದು ಹೋಗೋಣ ಅಂತಲೇ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದೆ. ಹಾಳಾದ ಶ್ವಾಸಕೋಶದ ಚಿತ್ರಗಳನ್ನು ತೋರಿಸಲಿಲ್ಲ. ಆರು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ನಿಕೋಟಿನ್ ಚಟ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಇದಕ್ಕೆ ಫಾಗರ್‌ಸ್ಟ್ರಾಮ್ ಪರೀಕ್ಷೆ ಅನ್ನುತ್ತಾರೆ. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟ್ ಹಚ್ಚುತ್ತೀರಿ, ಹುಷಾರಿಲ್ಲದೆ ಮಲಗಿದಾಗಲೂ ಸೇದುತ್ತೀರಾ, ಈ ತರದ ಪ್ರಶ್ನೆಗಳು. ಹತ್ತರಲ್ಲಿ ನನಗೆ ಆರು ಬಂತು. ಆಮೇಲೆ ಒಂದು ಪುಟ್ಟ ಯಂತ್ರಕ್ಕೆ ಉಸಿರು ಊದಿಸಿದರು. ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಅಂತ ಅದು ಹೇಳುತ್ತದೆ. ನನ್ನದು ಹತ್ತು ಲಕ್ಷ ಪಾಲಿಗೆ 19. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದಂತೆ. ಅಂದರೆ ಮಿದುಳಿಗೆ ಹೋಗಬೇಕಾದ ಆಮ್ಲಜನಕದ ಜಾಗದಲ್ಲಿ ಇದು ಬಂದು ಕೂತಿರುತ್ತದೆ. ಪಕ್ಕದಲ್ಲಿ ಕೂತಿದ್ದ, ಎಂದೂ ಸೇದದ 61 ವರ್ಷದ ಅಮ್ಮನಿಗೆ ಬಂದದ್ದು 2.

ಎರಡನೇ ವಾರದ ಪಾಠವೊಂದಕ್ಕೇ ಇಡೀ ಕ್ಲಾಸ್ ಸಾರ್ಥಕ. ಹಿಂದಿನ ಐದು ಗಂಟೆ ಸೇದದೆ ಬನ್ನಿ ಅಂದಿದ್ದರು. ಒಂದು ಹಾಳೆಯ ತುಂಬ ಕಲಸುಮೇಲೋಗರವಾಗಿ ಅಕ್ಷರಗಳು. ಎರಡು ನಿಮಿಷದಲ್ಲಿ ಎಲ್ಲಾ ‘ತ’ ಹೊಡೆದು ಹಾಕಬೇಕು. ಇದು ನನ್ನ ಕಸುಬು, ಅಲ್ವಾ? ಆದರೂ 11 ಅಕ್ಷರ ಬಿಟ್ಟಿದ್ದೆ. ಆಮೇಲೆ ವಿರಾಮ. ಹೊರಗೆ ಹೋಗಿ ಸೇದಿ ಬಂದೆ. ಬೇರೆ ಹಾಳೆ ಕೊಟ್ಟರು. ಈ ಸಲ ಬಿಟ್ಟದ್ದು ನಾಲ್ಕೇ. ನಾನು ಕೈ ಎತ್ತಿ, ‘ನೋಡಿ ಮೇಡಂ, ಇದನ್ನೇ ನಾನು ಹೇಳುತ್ತಿದ್ದದ್ದು’ ಅಂದೆ.

ಮೇಡಂ ವಾದ ಮಾಡಲಿಲ್ಲ. ಎಲ್ಲರ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರು. ಪಕ್ಕದ ಅಮ್ಮ ಮೊದಲ ಸಲ ಐದು ಬಿಟ್ಟಿದ್ದರು, ಎರಡನೇ ಸಲ ನಾಲ್ಕು. ಸೇದದ ಇನ್ನಿಬ್ಬರದೂ ಹೆಚ್ಚುಕಡಿಮೆ ಹಾಗೇ. ಸೇದುವವರ ಗಮನ ಮಾತ್ರ ಕೆಳಗೆ ಬಿದ್ದು ಮೇಲೆ ಎದ್ದಿತ್ತು. ಮೇಲೆ ಎದ್ದು ಎಲ್ಲಿಗೆ ಬಂತು? ಸೇದದವರು ಸುಮ್ನೆ ಕೂತಿದ್ದ ಮಟ್ಟಕ್ಕೆ. ನಾನು ಗುಂಡಿಯಿಂದ ನೆಲಕ್ಕೆ ಬಂದದ್ದನ್ನೇ ಗುಡ್ಡ ಹತ್ತಿದೆ ಅಂದುಕೊಂಡಿದ್ದೆ. 22 ವರ್ಷ.

ಅದಾದ ಮೇಲೆ ಮೇಡಂ ಹೇಳಿದ ಮಾತಿನಿಂದ ಅವರ ಮೇಲೆ ಪೂರ್ತಿ ನಂಬಿಕೆ ಬಂತು. ‘ಎರಡನೇ ಸಲ ಎಲ್ಲರಿಗೂ ಸ್ವಲ್ಪ ಕೈ ಪಳಗಿರುತ್ತದೆ. 14 ಜನರಿಂದ ಏನನ್ನೂ ಸಾಬೀತು ಮಾಡಲು ಆಗಲ್ಲ. ಇದು ನಿಮಗೆ ಅರ್ಥವಾಗಲಿ ಅಂತ ಮಾಡಿದ ಆಟ ಅಷ್ಟೇ’ ಅಂದರು. ನಿಕೋಟಿನ್‌ನಿಂದ ಗಮನಕ್ಕೆ ಒಂಚೂರೂ ಲಾಭವಿಲ್ಲ ಅಂತಲೂ ಹೇಳಲಿಲ್ಲ. 2010ರಲ್ಲಿ 41 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆಯೊಂದಿದೆ. ಸೇದದೆ ಇದ್ದಾಗ ಆಗುವ ಚಡಪಡಿಕೆ ಇಲ್ಲದ ಹೊತ್ತಿನಲ್ಲೂ ನಿಕೋಟಿನ್ ಎಚ್ಚರವನ್ನೂ, ಸ್ವಲ್ಪ ಹೊತ್ತಿನ ನೆನಪನ್ನೂ ಸ್ವಲ್ಪ ಚುರುಕು ಮಾಡುತ್ತದೆ ಅಂತ ಅದರಲ್ಲಿ ಕಂಡುಬಂದಿದೆ. ಅದನ್ನೂ ನಮ್ಮ ಮುಂದೆ ಇಟ್ಟರು. ಲಾಭ ಸಣ್ಣದು, ಕ್ಷಣದ್ದು, ಅದಕ್ಕೆ ಕೊಡುವ ಬೆಲೆ ಏನು ಅಂತ ನೋಡೋಣ ಅಂದರು. ದೊಡ್ಡವರಿಗೆ ಕಲಿಸುವುದು ಅಂದರೆ ಹೀಗಿರಬೇಕು ಅನ್ನಿಸಿತು. ನಮಗೆ ಬೇಡವಾದ ಸತ್ಯವನ್ನೂ ಹೇಳಿದರು, ಅವರ ವಾದಕ್ಕೆ ಅಡ್ಡ ಬರುವ ಸತ್ಯವನ್ನೂ ಹೇಳಿದರು.

ಒಳಗಿನ ಕತೆಯನ್ನೂ ಸರಳವಾಗಿ ಬಿಡಿಸಿಟ್ಟರು. ದಮ್ಮು ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಹೀಗೆ ಆದಾಗ ಮಿದುಳಿನಲ್ಲಿ ನಿಕೋಟಿನ್ ಹಿಡಿಯುವ ಜಾಗಗಳೇ ಹೆಚ್ಚಾಗುತ್ತವೆ. ಅವು ಖಾಲಿ ಕೂತಾಗ ಚಡಪಡಿಕೆ, ಸಿಟ್ಟು, ಮಂಕು. ಇದನ್ನು ಕೇಳಿ ನನ್ನ ಎಂಟು ಪುಟದ ಲೆಕ್ಕ ಎಲ್ಲಿಂದ ಬಂತು ಅಂತ ಹೊಳೆಯಿತು. ಎಂಟು ಪುಟ ತಿದ್ದಲು ನನಗೆ ಒಂದೂವರೆ ಗಂಟೆ ಬೇಕು. ನಾನು ಪುಟ ಎಣಿಸುತ್ತಿದ್ದೆ, ಮೈ ಗಂಟೆ ಎಣಿಸುತ್ತಿತ್ತು.

ದೂರದ ಪರಿಣಾಮದ ಬಗ್ಗೆ ಒಂದು ಸಂಜೆ ಇತ್ತು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1985ರಲ್ಲಿ ಶುರುವಾದ ವೈಟ್‌ಹಾಲ್ 2 ಅಧ್ಯಯನದ ವಿಷಯ. 2012ರ ವರದಿಯಲ್ಲಿ 5,099 ಗಂಡಸರು, 2,137 ಹೆಂಗಸರು ಇದ್ದರು. ಸೇದುವ ಗಂಡಸರ ಯೋಚನೆಯ ಶಕ್ತಿ ಎಂದೂ ಸೇದದವರಿಗಿಂತ ಬೇಗ ಕುಂದಿತ್ತು. ಬಿಟ್ಟು 10 ವರ್ಷಕ್ಕಿಂತ ಹೆಚ್ಚಾದವರಲ್ಲಿ ಆ ವೇಗ ಕಾಣಲಿಲ್ಲ. ಹೆಂಗಸರಲ್ಲಿ ಈ ನಂಟು ಕಂಡಿಲ್ಲ ಅನ್ನುವುದನ್ನೂ ಮುಚ್ಚಿಡಲಿಲ್ಲ. ನನ್ನ ಹಿಂದೆ ಕೂತಿದ್ದ ಮಹಿಳೆಯೊಬ್ಬರು ‘ಹಾಗಾದರೆ ನಾವು ಸೇದಬಹುದಾ?’ ಅಂತ ಕೇಳಿಯೇ ಬಿಟ್ಟರು. ಮರೆವಿನ ಕಾಯಿಲೆಗೆ, ಪಾರ್ಶ್ವವಾಯುವಿಗೆ ಧೂಮಪಾನ ಕಾರಣವಾಗುವುದರಲ್ಲಿ ಗಂಡು ಹೆಣ್ಣು ಅನ್ನುವ ರಿಯಾಯಿತಿ ಇಲ್ಲ ಅಂತ ಮೇಡಂ ನಿಧಾನವಾಗಿ ಹೇಳಿದರು.

ಇನ್ನು ಓದುವ ಕ್ರಮದ ಪಾಠ. ಹೊಸದೇನೂ ಇಲ್ಲ, ಆದರೆ ಮಾಡಿಸಿದ ರೀತಿ ಚೆನ್ನಾಗಿತ್ತು. ಓದಿದ್ದನ್ನು ಮತ್ತೆ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳಿ, ಒಂದೇ ದಿನ ಉರು ಹೊಡೆಯುವ ಬದಲು ದಿನ ಬಿಟ್ಟು ದಿನ ನೋಡಿ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಮರೆವು ಯಾವ ವೇಗದಲ್ಲಿ ಬರುತ್ತದೆ ಅಂತ 1885ರಲ್ಲೇ ಬರೆದಿಟ್ಟಿದ್ದಾನೆ. ಇದನ್ನು ಸಿಗರೇಟಿಗೆ ಜೋಡಿಸಿದ್ದು ಮೇಡಂ ಜಾಣತನ. ‘ನಿಮ್ಮ ಸಿಗರೇಟ್ ವಿರಾಮ ಬಿಡಬೇಡಿ, ಸಿಗರೇಟ್ ಬಿಡಿ’ ಅಂದರು. ಈಗ ಎಂಟು ಪುಟ ಆದ ಮೇಲೆ ನಾನು ಅದೇ ಮೆಟ್ಟಿಲಿಗೆ ಹೋಗುತ್ತೇನೆ. ಅಲ್ಲೇ ನಿಂತು, ಓದಿದ ಪಾಠದ ಮೂರು ಮಾತು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಐದು ನಿಮಿಷ. ಕಣ್ಣಿಗೂ ವಿಶ್ರಾಂತಿ. ಸಿಗರೇಟಿನಿಂದ ಸಿಗುತ್ತಿದೆ ಅಂದುಕೊಂಡಿದ್ದ ಹಗುರದಲ್ಲಿ ಒಂದಷ್ಟು ಪಾಲು ಈ ಎದ್ದು ಹೋಗುವುದರಿಂದಲೇ ಬರುತ್ತಿತ್ತು.

ಈಗ ಬೇಸರದ ವಿಷಯ. ಬಿಡುವ ದಿನವನ್ನು ನಾಲ್ಕನೇ ವಾರಕ್ಕೆ ಇಟ್ಟಿದ್ದರು. ಒಳ್ಳೆಯದು. ಆದರೆ ಓದಿನ ಭಾಗದ ನಡುಪರೀಕ್ಷೆಯನ್ನು ಅದೇ ವಾರ, ಬಿಟ್ಟ ಮೂರನೇ ದಿನಕ್ಕೆ ಇಟ್ಟರು. ಚಡಪಡಿಕೆ ಮೊದಲ ಎರಡು ಮೂರು ದಿನಗಳಲ್ಲಿ ತುದಿಗೇರುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ ಅಂತ ಪಾಠ ಮಾಡಿದವರೇ ಅವರು! 20ಕ್ಕೆ ನನಗೆ ಎಂಟು ಬಂತು. ಒಂದೇ ವಾಕ್ಯವನ್ನು ನಾಲ್ಕು ಸಲ ಓದಿದೆ. ನನಗಿಂತ ಚಿಕ್ಕ ವಯಸ್ಸಿನ ಒಬ್ಬರು ಹಾಳೆ ಅರ್ಧಕ್ಕೇ ಕೊಟ್ಟು ಹೋದವರು ಮತ್ತೆ ಬರಲೇ ಇಲ್ಲ. ಇಷ್ಟು ವರ್ಷದ ಮೇಲೆ ಧೈರ್ಯ ಮಾಡಿ ಓದಲು ಬಂದವರಿಗೆ ಕಡಿಮೆ ಅಂಕ ಎಷ್ಟು ನೋಯಿಸುತ್ತದೆ ಅಂತ ಕೇಂದ್ರದವರಿಗೆ ಗೊತ್ತಿರಬೇಕಿತ್ತು. ನಾನು ಈ ಮಾತನ್ನು ಬರೆದು ಕೊಟ್ಟೆ. ಮುಂದಿನ ತಂಡಕ್ಕೆ ನಡುಪರೀಕ್ಷೆ ಎಂಟನೇ ವಾರಕ್ಕೆ ಹೋಗುತ್ತದೆ ಅಂದಿದ್ದಾರೆ. ದಯವಿಟ್ಟು ಹಾಗೇ ಮಾಡಲಿ.

ಇನ್ನೊಂದು ತಕರಾರು ಇದೆ. ಸಿಗರೇಟ್ ಬಿಟ್ಟಾಗ ಕೆಲವು ಮಾತ್ರೆಗಳ ಪ್ರಮಾಣ ಬದಲಿಸಬೇಕಾಗುತ್ತದೆ, ಯಾಕೆಂದರೆ ಹೊಗೆಯಲ್ಲಿರುವ ಟಾರ್ ಆ ಔಷಧಿಗಳನ್ನು ಮೈಯಿಂದ ಬೇಗ ಖಾಲಿ ಮಾಡಿಸುತ್ತಿರುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಝಪಿನ್, ಒಲಾಂಝಪಿನ್ ಅಂಥವು. ಇದನ್ನು ಏಳನೇ ವಾರ ಹೇಳಿದರು. ಮೊದಲ ದಿನವೇ ಹೇಳಬೇಕಾದ ಮಾತು ಇದು. ಮಾತ್ರೆ ತೆಗೆದುಕೊಳ್ಳುವವರು ಬಿಡುವ ದಿನಕ್ಕೆ ಮುಂಚೆಯೇ ಡಾಕ್ಟರನ್ನು ಕೇಳಿ.

ಕಾಫಿಗೂ ಇದೇ ನಿಯಮ. ಸೇದುವವರ ಮೈಯಲ್ಲಿ ಕೆಫೀನ್ ಬೇಗ ಕರಗುತ್ತದೆ. ಬಿಟ್ಟ ಮೇಲೆ ಅಷ್ಟೇ ಕಾಫಿ ಕುಡಿದರೂ ಕೆಫೀನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಕೈ ನಡುಕ, ನಿದ್ದೆ ಬರದಿರುವುದು, ಎದೆ ಹೊಡೆದುಕೊಳ್ಳುವುದು, ಇವೆಲ್ಲ ಸಿಗರೇಟ್ ಬಿಟ್ಟದ್ದರಿಂದ ಅಂದುಕೊಂಡು ಜನ ಮತ್ತೆ ಹಚ್ಚುತ್ತಾರೆ. ನಾನು ಕಾಫಿಯನ್ನು ಅರ್ಧಕ್ಕೆ ಇಳಿಸಿದೆ. ಎರಡು ರಾತ್ರಿಯಲ್ಲಿ ನಿದ್ದೆ ಸರಿಹೋಯಿತು. ಇಡೀ ಕೋರ್ಸಿನಲ್ಲಿ ಕೈಗೆ ಸಿಕ್ಕ ಅತ್ಯಂತ ಉಪಯೋಗದ ಮಾತು ಇದೇ.

ನಿಕೋಟಿನ್ ಗಮ್ ಅಗಿಯುವುದನ್ನು ಕಲಿಸಿದ್ದೂ ಉಪಕಾರವಾಯಿತು. ಸಾಮಾನ್ಯ ಚೂಯಿಂಗ್ ಗಮ್ ತರ ಒಂದೇ ಸಮ ಅಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸುವುದು. ನಿಧಾನವಾಗಿ ಅಗಿದು, ಚುರುಚುರು ಅಂದಾಗ ಕೆನ್ನೆ ಒಳಗೆ ಒತ್ತರಿಸಿ ಇಡಬೇಕು, ಆಮೇಲೆ ಮತ್ತೆ ಅಗಿಯಬೇಕು. ಒಂದು ಗಮ್‌ಗೆ ಸುಮಾರು 30 ನಿಮಿಷ. ನಾನು ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವನು, ಹಾಗಾಗಿ 2 ಮಿಲಿಗ್ರಾಂ ಬದಲು 4 ಮಿಲಿಗ್ರಾಂನದ್ದು ಬೇಕಾಯಿತು.

ಬಾಕಿ ಸಣ್ಣಪುಟ್ಟದ್ದು. ಹಂಚಿದ ಹಾಳೆಗಳ ಅಕ್ಷರ ತೀರಾ ಸಣ್ಣದು. ನಲವತ್ತು ದಾಟಿದವರ ಕ್ಲಾಸಿಗೆ ಇದು ಸರಿಯಲ್ಲ. ಒಂದು ವಾರ ತಪ್ಪಿದರೆ ಆ ಪಾಠ ಮತ್ತೆ ಸಿಗುವ ದಾರಿ ಇಲ್ಲ. ಕೊನೆಯ ಎರಡು ವಾರ ಸ್ವಲ್ಪ ಎಳೆದಂತೆ ಇತ್ತು.

ಹತ್ತನೇ ವಾರ ಮತ್ತೆ ಯಂತ್ರಕ್ಕೆ ಊದಿದೆ. 2 ಬಂತು, ಪಕ್ಕದ ಅಮ್ಮನಷ್ಟೇ. ಅಕ್ಷರದ ಹಾಳೆಯಲ್ಲಿ ಮೂರು ‘ತ’ ಬಿಟ್ಟಿದ್ದೆ. ಮಿದುಳಿನ ಆ ಹೆಚ್ಚಾದ ಜಾಗಗಳು ಸೇದದವರ ಮಟ್ಟಕ್ಕೆ ಇಳಿಯಲು 6ರಿಂದ 12 ವಾರ ಬೇಕಂತೆ. ಅವತ್ತಿಗೆ ನಾನು ಬಿಟ್ಟು ಆರು ವಾರ ಆಗಿತ್ತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಓದುವ ಕಾರಣಕ್ಕೇ ಸಿಗರೇಟ್ ಬಿಡಲು ಹೆದರುತ್ತಿರುವವರು ಸೇರಿ. ನಿಮ್ಮ ಪರೀಕ್ಷೆಗೆ ಕಡಿಮೆ ಅಂದರೆ ಮೂರು ತಿಂಗಳಾದರೂ ಇರಲಿ, ಇನ್ನೂ ಹತ್ತಿರದಲ್ಲಿದ್ದರೆ ಬಿಡುವ ದಿನದ ಬಗ್ಗೆ ಮೇಡಂ ಹತ್ತಿರ ಮೊದಲೇ ಮಾತಾಡಿ. ಓದುವ ಕನ್ನಡಕ ಮರೆಯಬೇಡಿ. ಎರಡನೇ ವಾರ ಮಾತ್ರ ಏನೇ ಆದರೂ ತಪ್ಪಿಸಬೇಡಿ.