ಎರಡನೇ ಮಗುವಿಗೆ ‘ಸದ್ಯಕ್ಕೊಂದು ಹೆಸರು’ ಬರೆಸಬೇಡಿ

ಡಿಸ್‌ಚಾರ್ಜ್ ದಿನ ಬಿಲ್ ಕಟ್ಟುವ ಕೌಂಟರಿನಲ್ಲಿ ಕೇಳುತ್ತಾರೆ: ‘ಮಗು ಹೆಸರು ಏನಂತ ಬರೀಲಿ?’ ನಾಮಕರಣಕ್ಕೆ ಇನ್ನೂ ಒಂದು ವಾರ ಇದೆ. ಮನೆಯಲ್ಲಿ ದೊಡ್ಡ ಮಗು ಅಮ್ಮ ಬೇಕೆಂದು ರಚ್ಚೆ ಹಿಡಿದಿದೆ. ‘ಸದ್ಯಕ್ಕೆ ಏನಾದ್ರೂ ಒಂದು ಬರೆಸಿ ಸಾರ್, ಆಮೇಲೆ ಚೇಂಜ್ ಮಾಡಿಸ್ಕೋಬಹುದು’ ಎಂಬ ಸಲಹೆಯೂ ಸಿಗುತ್ತದೆ. ದಯವಿಟ್ಟು ಈ ಮಾತು ನಂಬಬೇಡಿ.

ನಂಬಿದವರ ಕಾಗದ ಹೇಗಿರುತ್ತದೆ ಗೊತ್ತೇ? ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ‘ಚಿಂಟು’. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ ಕರೆದದ್ದು ‘ಧೃತಿ’. ಆಧಾರ್ ಕೇಂದ್ರದವರು ಪ್ರಮಾಣಪತ್ರದಲ್ಲಿ ಇದ್ದದ್ದನ್ನೇ ಹಾಕುತ್ತಾರೆ, ಹಾಕಲೇಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ ಮತ್ತು ಸ್ಥಳ ತೋರಿಸಲು ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಈ ಒಂದು ಕಾಗದವೇ ಆಧಾರ. ಆಗ ಅಪ್ಪ ರಜೆ ಹಾಕಿ ನೋಂದಣಿ ಕಚೇರಿಗೆ ಹೋಗುತ್ತಾನೆ. ನೋಟರಿ ಅಫಿಡವಿಟ್ ಕೊಡುತ್ತಾನೆ, ಪತ್ರಿಕೆಯಲ್ಲಿ ಜಾಹೀರಾತು ಹಾಕಿಸುತ್ತಾನೆ. ಇವುಗಳಿಂದ ರಿಜಿಸ್ಟರಿನ ನಮೂದು ತಾನಾಗಿ ಬದಲಾಗುವುದಿಲ್ಲ.

ಕಾರಣ ಕಾಯ್ದೆಯಲ್ಲೇ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ತಪ್ಪು ನಮೂದನ್ನು ತಿದ್ದಲು ಇರುವುದು. ‘ಚಿಂಟು’ ತಪ್ಪು ನಮೂದಲ್ಲ, ನೀವೇ ಹೇಳಿ ಬರೆಸಿದ್ದು. 2025ರಲ್ಲಿ ಕರ್ನಾಟಕ ಹೈಕೋರ್ಟಿಗೆ ಇಂಥದೇ ಒಂದು ಪ್ರಕರಣ ಬಂತು. ಜಾತಕಕ್ಕೆ ಹೊಂದದೆಂದು ಹೆಸರು ಬದಲಿಸಲು ಕೇಳಿದ ತಂದೆತಾಯಿಗೆ ಕಚೇರಿ ಆಗುವುದಿಲ್ಲ ಎಂದಿತ್ತು. ಕಾಯ್ದೆಯಲ್ಲಿ ಅದಕ್ಕೆ ದಾರಿ ಇಲ್ಲವೆಂದು ನ್ಯಾಯಾಲಯವೂ ಗಮನಿಸಿತು. ಕಾನೂನು ತಿದ್ದುಪಡಿ ಆಗುವವರೆಗೆ ಹಳೆಯ ಹೆಸರನ್ನೂ ಹೊಸ ಹೆಸರನ್ನೂ ದಾಖಲಿಸಿ ಬದಲಾಯಿಸಿಕೊಡಿ ಎಂದಿತು. ಅಂದರೆ ದಾರಿ ಇದೆ, ಆದರೆ ‘ಚಿಂಟು’ ದಾಖಲೆಯಲ್ಲಿ ಉಳಿದೇ ಉಳಿಯುತ್ತಾನೆ.

ಇಷ್ಟಕ್ಕೂ ಹೆಸರಿನ ಜಾಗ ಖಾಲಿ ಬಿಡಬಹುದು. ಇದನ್ನು ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ. 14ನೇ ಕಲಂ ಇರುವುದೇ ಅದಕ್ಕೆ. ಹುಟ್ಟನ್ನು 21 ದಿನದೊಳಗೆ ನೋಂದಾಯಿಸಬೇಕು, ತಡವಾದರೆ ತಡ ಶುಲ್ಕ, ಅನುಮತಿ ಎಂದು ಓಡಾಡಬೇಕಾಗುತ್ತದೆ. ಹೆಸರನ್ನು ಮಾತ್ರ ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ತಡ ಶುಲ್ಕ ಕಟ್ಟಿ ಸೇರಿಸಬಹುದು. ‘ಹೆಸರು ಖಾಲಿ ಇರಲಿ’ ಎಂದು ಬಾಯಲ್ಲಿ ಹೇಳಿ ಬಂದರೆ ಸಾಲದು, ಅರ್ಜಿಯಲ್ಲಿ ಆ ಜಾಗಕ್ಕೆ ನೀವೇ ಅಡ್ಡಗೆರೆ ಎಳೆಯಿರಿ. ಇಲ್ಲದಿದ್ದರೆ ಆಸ್ಪತ್ರೆ ಫೈಲಿನ ‘ಬೇಬಿ ಆಫ್’ ಇಂಥವರು ಎಂಬುದೇ ಹೆಸರಾಗಿ ಟೈಪ್ ಆಗಿಬಿಡುತ್ತದೆ. ನಾಮಕರಣ ಮುಗಿದ ಮೇಲೆ ನೋಂದಣಿ ಸಂಖ್ಯೆ, ಅಪ್ಪ ಅಮ್ಮ ಇಬ್ಬರ ಆಧಾರ್ ಪ್ರತಿ, ಇಬ್ಬರೂ ಸಹಿ ಮಾಡಿದ ಪತ್ರ ತೆಗೆದುಕೊಂಡು ನೋಂದಣಿ ಕಚೇರಿಗೆ ಹೋಗಿ.

ಎರಡನೇ ಮಗು ಎಂದು ಒತ್ತಿ ಹೇಳುವುದಕ್ಕೆ ಬೇರೆ ಕಾರಣವಿದೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಅಲ್ಲಿ ಅರ್ಜಿ ತುಂಬುವವರು ತಾತ ಅಥವಾ ಸೋದರಮಾವ, ತಾಯಿಯ ಹೆಸರು ತವರಿನ ಇನಿಷಿಯಲ್‌ನೊಂದಿಗೆ ಹೋಗುತ್ತದೆ. ಎರಡನೆಯದು ಗಂಡನ ಊರಿನಲ್ಲಿ. ಅಷ್ಟರಲ್ಲಿ ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ, ಆಸ್ಪತ್ರೆಯವರು ಅದನ್ನೇ ನಕಲು ಮಾಡುತ್ತಾರೆ. ಎರಡೂ ಪ್ರಮಾಣಪತ್ರ ಅಕ್ಕಪಕ್ಕ ಇಟ್ಟರೆ ತಾಯಂದಿರು ಇಬ್ಬರು ಎಂದೇ ಕಾಣುತ್ತದೆ. ಒಂದೇ ಶಾಲೆಗೆ ಸೇರಿಸುವಾಗ, ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸುವಾಗ, ಇಬ್ಬರೂ ಹೆಣ್ಣುಮಕ್ಕಳಾದರೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯುವಾಗ, ಪ್ರತಿ ಸಲ ವಿವರಣೆ ಕೊಡಬೇಕು. ಹಾಗಾಗಿ ಹೆರಿಗೆ ಬ್ಯಾಗಿನಲ್ಲಿ ತಾಯಿ ಕಾರ್ಡಿನ ಪಕ್ಕ ಮೊದಲ ಮಗುವಿನ ಜನನ ಪ್ರಮಾಣಪತ್ರದ ಜೆರಾಕ್ಸ್ ಇಡಿ. ಅಪ್ಪ ಅಮ್ಮನ ಹೆಸರು ಅದರಲ್ಲಿ ಹೇಗಿದೆಯೋ ಹಾಗೆ, ಚುಕ್ಕಿ ಸಮೇತ ಬರಲಿ. ಆ ಪ್ರಮಾಣಪತ್ರವೇ ನಿಮ್ಮ ಆಧಾರ್‌ಗೆ ಹೊಂದುತ್ತಿಲ್ಲವಾದರೆ, ಯಾವುದನ್ನು ತಿದ್ದಿಸಬೇಕೆಂದು ಏಳನೇ ತಿಂಗಳೊಳಗೆ ತೀರ್ಮಾನಿಸಿ ಓಡಾಟ ಮುಗಿಸಿ. ಬಾಣಂತನದಲ್ಲಿ ಆಗುವ ಕೆಲಸ ಅದಲ್ಲ.

ಇನಿಷಿಯಲ್ ವಿಷಯವೂ ಹೀಗೆಯೇ. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುವುದರಿಂದ ತೊಂದರೆ ಕಡಿಮೆ. ಹಳೇ ಮೈಸೂರು ಕಡೆ ಹೆಸರಿನ ಮುಂದೆ ‘ಎಸ್.’ ಎಂದು ಹಾಕಿ ಬಿಡುತ್ತೇವೆ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕು. ಬರೀ ಒಂದೇ ಪದದ ಹೆಸರಾದರೂ ಕಷ್ಟ: ಭೇಟಿ ವೀಸಾದಲ್ಲಿ ಬರುವ ಒಂಟಿ ಹೆಸರಿನವರಿಗೆ ಯುಎಇ 2022ರ ನವೆಂಬರ್‌ನಿಂದ ನಿರ್ಬಂಧ ಹಾಕಿದೆ. ಮೊದಲ ಮಗುವಿಗೆ ‘ಎಸ್.’ ಇದ್ದರೆ ಎರಡನೆಯದಕ್ಕೆ ಆ ‘ಎಸ್’ನ ಪೂರ್ಣ ಪದವನ್ನೇ ಕೊನೆಗೆ ಬರೆಸಿ. ಬೇರೆ ಪದ ತಂದರೆ ಒಡಹುಟ್ಟಿದವರ ಕೊನೆಯ ಹೆಸರು ಬೇರೆ ಬೇರೆಯಾಗುತ್ತದೆ.

ಅಕ್ಷರ ತೂಗಿ ನೋಡಿ. ‘ಧೃತಿ’ಯನ್ನು ಇಂಗ್ಲಿಷಿನಲ್ಲಿ ಡಿ-ಎಚ್-ಆರ್ ಆದಮೇಲೆ ಐ ಹಾಕಿ ಬರೆಯುವವರಿದ್ದಾರೆ, ಯು ಹಾಕುವವರಿದ್ದಾರೆ. ‘ತಿ’ಗೆ ನಾವು ಟಿ-ಎಚ್ ಬರೆಯುತ್ತೇವೆ, ಉತ್ತರದವರು ಅದನ್ನು ‘ಥಿ’ ಎಂದು ಓದುತ್ತಾರೆ. ಇಂಗ್ಲಿಷ್ ನೋಡಿ ಕನ್ನಡ ಟೈಪ್ ಮಾಡುವಾಗ ‘ಧ್ರುತಿ’, ‘ದೃತಿ’ ಎಲ್ಲ ಹುಟ್ಟುತ್ತವೆ. ಎರಡೂ ಭಾಷೆಯಲ್ಲಿ ದೊಡ್ಡಕ್ಷರದಲ್ಲಿ ಬರೆದ ಚೀಟಿ ಕೊಡಿ, ಬಾಯಲ್ಲಿ ಹೇಳಬೇಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ.

ಅಣ್ಣ ಅದ್ವಿಕ್, ತಮ್ಮ ಅದ್ವಿತ್ ಎಂದು ಜೋಡಿ ಹೆಸರಿಡುವ ಆಸೆ ತಪ್ಪಲ್ಲ, ಕೇಳಲು ಚೆಂದವೇ. ಆದರೆ ಮೊದಲಕ್ಷರ, ಇನಿಷಿಯಲ್, ವಿಳಾಸ, ಫೋನ್ ನಂಬರ್ ಎಲ್ಲ ಒಂದೇ ಆದಾಗ ಲ್ಯಾಬ್ ರಿಪೋರ್ಟ್, ಲಸಿಕೆಯ ನಮೂದು ಅದಲುಬದಲಾಗುತ್ತವೆ. ಔಷಧಿಯ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿರುವಾಗ ಇದು ಸಣ್ಣ ವಿಷಯವಲ್ಲ. ಪ್ರಾಸ ಬೇಕೆಂದರೆ ಕೊನೆಯಲ್ಲಿರಲಿ, ಮೊದಲಕ್ಷರ ಬೇರೆಯಾಗಿರಲಿ.

ನಕ್ಷತ್ರದ ಅಕ್ಷರಕ್ಕಾಗಿ ತಡವಾಗಿ ಹೆಸರು ಬದಲಿಸುವವರೂ ಇದ್ದಾರೆ. ಆರಿದ್ರಾ ಮೂರನೇ ಪಾದಕ್ಕೆ ಬರುವ ಅಕ್ಷರ ‘ಙ’, ಅದರಲ್ಲಿ ಯಾವ ಹೆಸರು ಹುಡುಕುತ್ತೀರಿ? ನಕ್ಷತ್ರನಾಮ ಬೇರೆ, ವ್ಯವಹಾರನಾಮ ಬೇರೆ ಎಂದು ಸಂಪ್ರದಾಯವೇ ಹೇಳುತ್ತದೆ. ನಕ್ಷತ್ರನಾಮವನ್ನು ಕಿವಿಯಲ್ಲಿ ಹೇಳಿ, ಅಕ್ಕಿಯ ಮೇಲೆ ಬರೆಯಿರಿ. ರಿಜಿಸ್ಟರಿಗೆ ವ್ಯವಹಾರನಾಮ ಹೋಗಲಿ.

ಹೆರಿಗೆಗೆ ಮೊದಲೇ ಒಂದು ಗಂಡು, ಒಂದು ಹೆಣ್ಣು ಹೆಸರು ಪೂರ್ತಿ ಕಾಗುಣಿತದೊಂದಿಗೆ ಬರೆದಿಡಿ. ಪ್ರಮಾಣಪತ್ರ ಕೈಗೆ ಬಂದ ದಿನವೇ, ಕಚೇರಿಯ ಮೆಟ್ಟಿಲು ಇಳಿಯುವ ಮೊದಲು ಮಗುವಿನ ಹೆಸರು, ಲಿಂಗ, ದಿನಾಂಕ, ಅಪ್ಪ ಅಮ್ಮನ ಹೆಸರುಗಳನ್ನು ಎರಡೂ ಭಾಷೆಯಲ್ಲಿ ಓದಿ. ಟೈಪಿಂಗ್ ತಪ್ಪು ಕಂಡರೆ ಆಗಲೇ ತಿದ್ದುಪಡಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.