48 ಗ್ಲಿಟರ್ ಪೆನ್ನು ಅಂತ ತರಿಸಿದೆ, ಬಂದದ್ದು 24. ದಯವಿಟ್ಟು ನೀವು ಮೋಸ ಹೋಗಬೇಡಿ

ಕೋಪ ಇಳಿದ ಮೇಲೆ ನಿಧಾನವಾಗಿ ಬರೆಯೋಣ ಅಂದುಕೊಂಡಿದ್ದೆ. ಆದರೆ ನಿನ್ನೆ ರಾತ್ರಿ ನೋಡಿದರೆ ಅದೇ ಸೆಟ್ಟು, ಅದೇ ಫೋಟೊ, ಅದೇ ಹೆಸರಿನಲ್ಲಿ ಇನ್ನೂ ಮಾರಾಟಕ್ಕಿದೆ. ಕೈಯಲ್ಲಿ ಕಾರ್ಡು ಮಾಡುವವರು ಯಾರಾದರೂ ಇವತ್ತೇ ಅದನ್ನು ತರಿಸಿಕೊಳ್ಳಬಹುದು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಹಿಂದುಮುಂದಾದರೆ ಬೇಜಾರು ಮಾಡಿಕೊಳ್ಳಬೇಡಿ.

ನಾನು ಕಾರ್ಡು ಮಾಡಲು ಶುರು ಮಾಡಿ ಐದು ವರ್ಷ ಆಯ್ತು. ಹುಟ್ಟುಹಬ್ಬಕ್ಕೆ, ಮದುವೆಗೆ, ಸುಮ್ನೆ ಯಾರಿಗಾದರೂ ಖುಷಿ ಪಡಿಸಲು, ಹೀಗೆ ನೂರಾರು ಮಾಡಿದ್ದೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಏನೂ ಗೊತ್ತಿಲ್ಲದವಳು ಮೋಸ ಹೋದಳು ಅಂತ ಯಾರೂ ಅಂದುಕೊಳ್ಳಬಾರದು. ಗೊತ್ತಿದ್ದೂ ಹೋದೆ. ಅದೇ ಜಾಸ್ತಿ ನಾಚಿಕೆ.

ಈ ಸಲ ಗೆಳತಿಯ ಮದುವೆ. ಬಂದವರಿಗೆಲ್ಲ ಆಮೇಲೆ ಕಳಿಸಲು 40 ಥ್ಯಾಂಕ್ಯೂ ಕಾರ್ಡು ಬೇಕು, ಒಂದೊಂದರಲ್ಲೂ ಅವರವರ ಹೆಸರು ಕೈಬರಹದಲ್ಲೇ ಇರಬೇಕು ಅಂದಳು. "ನಿನ್ನ ಅಕ್ಷರ ಚೆನ್ನಾಗಿದೆ ಕಣೇ, ನೀನೇ ಬರೆದುಕೊಡು" ಅಂದಳು. ನನಗೂ ಆಸೆ. ಮೇಲ್ಗಡೆ ಕಪ್ಪು ಕಾರ್ಡ್‌ಶೀಟು, ಅದರ ಮೇಲೆ ಮಿನುಗುವ ನೇರಳೆ ಮತ್ತು ನವಿಲು ನೀಲಿಯಲ್ಲಿ ಹೆಸರು. ಒಳಗೆ ಮುತ್ತಿನ ಹೊಳಪಿನ ಬಿಳಿ ಹಾಳೆ, ಅದರಲ್ಲಿ ಎರಡು ಸಾಲು ಬರಹ. ಮನಸ್ಸಿನಲ್ಲಿ ಪೂರ್ತಿ ಕಾರ್ಡು ತಯಾರಾಗಿತ್ತು. ಪೆನ್ನು ಒಂದು ಬೇಕಿತ್ತು, ಅಷ್ಟೆ.

ಆನ್‌ಲೈನಿನಲ್ಲಿ ಹುಡುಕಿದಾಗ ಈ ಸೆಟ್ಟು ಸಿಕ್ಕಿತು. ಹೆಸರಿನಲ್ಲೇ "ಗ್ಲಿಟರ್ ಜೆಲ್ ಪೆನ್ ಸೆಟ್, 48 ಪೀಸ್" ಅಂತ ದೊಡ್ಡದಾಗಿ ಇತ್ತು. ಫೋಟೊದಲ್ಲಿ ಪೆನ್ನುಗಳನ್ನು ಬೀಸಣಿಗೆ ತರಹ ಹರಡಿದ್ದರು. ಪಕ್ಕದಲ್ಲಿ ಕಪ್ಪು ಕಾಗದದ ಮೇಲೆ ಒಂದು ಚಿಟ್ಟೆ, ರೆಕ್ಕೆಯ ತುಂಬ ನೇರಳೆ ಮಿನುಗು. ಆ ಚಿಟ್ಟೆ ನೋಡಿಯೇ ನಾನು ಆರ್ಡರ್ ಮಾಡಿದ್ದು. ಕಪ್ಪು ಕಾಗದದ ಮೇಲೆ ಇಷ್ಟು ಚೆನ್ನಾಗಿ ಬರುತ್ತೆ ಅಂತ ಅವರೇ ತೋರಿಸಿದ್ದಾರಲ್ಲ, ಇನ್ನೇನು ಬೇಕು ಅಂದುಕೊಂಡೆ.

ಡಬ್ಬಿ ಬಂತು. ತೆರೆದರೆ ಮೇಲಿನ ತಟ್ಟೆಯಲ್ಲಿ ಪೆನ್ನುಗಳು ಸಾಲಾಗಿ ಕೂತಿದ್ದವು. ತಟ್ಟೆ ಎತ್ತಿದೆ. ಕೆಳಗೆ ರೀಫಿಲ್‌ಗಳು, ಒಂದು ಕಟ್ಟು, ಪ್ಲಾಸ್ಟಿಕ್ ಕವರಿನಲ್ಲಿ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಖುಷಿಯಾಯ್ತು. ರೀಫಿಲ್ ಬೇರೆ ಫ್ರೀ ಕೊಟ್ಟಿದ್ದಾರೆ, ಒಳ್ಳೆಯವರು ಅಂದುಕೊಂಡೆ. ಮನೆಯವರನ್ನು ಕರೆದು ತೋರಿಸಿಯೂ ಬಿಟ್ಟೆ. ಅವರು ನೋಡಿ, "ಪೆನ್ನು ಎಷ್ಟಿದೆ ಎಣಿಸಿದ್ಯಾ?" ಅಂದರು.

ಎಣಿಸಿದೆ. 24.

ಮತ್ತೆ ಎಣಿಸಿದೆ. 24. ರೀಫಿಲ್ ಎಣಿಸಿದೆ. ಅದೂ 24. ಒಟ್ಟು 48 ಪೀಸ್. ಅದೂ ಅವೇ ಬಣ್ಣದ ರೀಫಿಲ್‌ಗಳು, ಹೊಸ ಬಣ್ಣ ಒಂದೂ ಇಲ್ಲ.

ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಿದ್ದೆ. ಫ್ರೀ ಅಂತ ಈಗಷ್ಟೇ ಖುಷಿಯಿಂದ ತೋರಿಸಿದ್ದೆನಲ್ಲ, ಅದೇ ರೀಫಿಲ್ಲನ್ನು ನನ್ನ ದುಡ್ಡಿನಲ್ಲೇ ಪೆನ್ನು ಅಂತ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಮುಖ ಬಿಸಿಯಾಯ್ತು. ಮನೆಯವರು ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟವಾಯ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಆ 24ರಲ್ಲಿ ಗ್ಲಿಟರ್ ಇದ್ದದ್ದು 12 ಮಾತ್ರ. ಉಳಿದದ್ದರಲ್ಲಿ ಆರು ಮೆಟಾಲಿಕ್, ಅಂದರೆ ಲೋಹದ ಹೊಳಪಿನವು, ಆರು ನಿಯಾನ್, ಅಂದರೆ ಕಣ್ಣು ಕುಕ್ಕುವ ಬಣ್ಣದವು. ನಿಯಾನ್ ಪೆನ್ನಿಗೆ ಗ್ಲಿಟರ್ ಅನ್ನುವ ಹೆಸರು ಹೇಗೆ ಬಂತು? ಅದರ ಮೇಲಿನ ಮುಚ್ಚಳಕ್ಕೆ ಮಿನುಗು ಅಂಟಿಸಿದ್ದಾರೆ. ಒಳಗಿನ ಇಂಕಿನಲ್ಲಿ ಒಂದು ಚೂರೂ ಇಲ್ಲ, ಹೊರಗಿನ ಮುಚ್ಚಳದಲ್ಲಿದೆ!

ತಕ್ಷಣ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ. ಇದೇ ನನ್ನ ತಪ್ಪು. ಕಾರ್ಡು ಕೊಡುವ ದಿನ ಹತ್ತಿರ ಬರುತ್ತಿತ್ತು. 12 ಗ್ಲಿಟರ್ ಇದೆಯಲ್ಲ, ನನಗೆ ಬೇಕಾದ್ದು ಎರಡು ಬಣ್ಣ ತಾನೆ ಅಂತ ಸಮಾಧಾನ ಮಾಡಿಕೊಂಡೆ. ನೋಟ್‌ಬುಕ್ಕಿನ ಬಿಳಿ ಹಾಳೆಯ ಮೇಲೆ ಗೀಚಿ ನೋಡಿದೆ. ಚೆನ್ನಾಗಿ ಬಂತು. ನೇರಳೆ ನೇರಳೆಯಾಗೇ ಇತ್ತು, ಮಿನುಗೂ ಇತ್ತು.

ಆ ರಾತ್ರಿ ಕಪ್ಪು ಶೀಟಿನ ಮೇಲೆ 14 ಹೆಸರು ಬರೆದೆ. ಹಸಿಯಿದ್ದಾಗ ಎಷ್ಟು ಚೆಂದ ಕಾಣುತ್ತಿತ್ತು! ಉಬ್ಬಿಕೊಂಡು, ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಮೇಜಿನ ಮೇಲೆ ಹರಡಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹೆಸರೇ ಇಲ್ಲ. ಉತ್ಪ್ರೇಕ್ಷೆ ಅಲ್ಲ. ನೇರಳೆ ಬಣ್ಣ ಪೂರ್ತಿ ಮಾಯ. ಕಪ್ಪಿನ ಮೇಲೆ ಅಲ್ಲೊಂದು ಇಲ್ಲೊಂದು ಬೆಳ್ಳಿಯ ಚುಕ್ಕಿ, ಯಾರೋ ಕೈ ಕೊಡವಿದ ಹಾಗೆ. ಕಾರ್ಡನ್ನು ಓರೆ ಮಾಡಿ ಹಿಡಿದರೆ ಮಾತ್ರ ಇಲ್ಲೇನೋ ಬರೆದಿದೆ ಅಂತ ಗೊತ್ತಾಗುತ್ತಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಇಂಥ ಗ್ಲಿಟರ್ ಪೆನ್ನಿನ ಇಂಕು ನೀರಿನ ಜೆಲ್ಲು, ಅದಕ್ಕೆ ಸ್ವಲ್ಪ ಬಣ್ಣ, ಅದರೊಳಗೆ ಮಿನುಗಿನ ಚೂರು. ಆ ಚೂರುಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ ಲೇಪಿಸಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸಣ್ಣಗೆ ಕತ್ತರಿಸಿದ್ದು. ಜೆಲ್ಲು ಪಾರದರ್ಶಕ. ಬಿಳಿ ಹಾಳೆಯಾದರೆ ಕೆಳಗಿನ ಬಿಳಿ ಕಾಣುತ್ತೆ, ಅದರಿಂದಲೇ ಬಣ್ಣ ಎದ್ದು ಬರುತ್ತೆ. ಕಪ್ಪಾದರೆ ಕೆಳಗಿನ ಕಪ್ಪೇ ಕಾಣುತ್ತೆ. ನೀರು ಆರಿದ ಮೇಲೆ ಅಲ್ಲಿ ಕಣ್ಣಿಗೆ ಬೀಳುವುದು ಚೂರು ಮಾತ್ರ. ಮೆಟಾಲಿಕ್ ಪೆನ್ನು ಬೇರೆ ಜಾತಿ. ಅದರಲ್ಲಿ ನುಣುಪಾದ ಹೊಳೆಯುವ ಪುಡಿ ಒತ್ತಾಗಿ ಇರುತ್ತೆ, ಅದು ಕಾಗದವನ್ನು ಮುಚ್ಚುತ್ತೆ, ಹಾಗಾಗಿ ಕಪ್ಪಿನ ಮೇಲೂ ನಿಲ್ಲುತ್ತೆ. ಎಲ್ಲವನ್ನೂ ಗ್ಲಿಟರ್ ಅಂತ ಒಂದೇ ಹೆಸರಿನಲ್ಲಿ ಮಾರುತ್ತಾರೆ. ಆ ಚಿಟ್ಟೆಯನ್ನು ಯಾವುದರಲ್ಲಿ ಬರೆದಿದ್ದರೋ, ನನಗೆ ಬಂದ ಪೆನ್ನಿನಲ್ಲಂತೂ ಅಲ್ಲ.

ಸರಿ, ಒಳಗಿನ ಬಿಳಿ ಹಾಳೆಯಲ್ಲಾದರೂ ಬಳಸೋಣ ಅಂತ ನೋಡಿದೆ. ಅದು ಮುತ್ತಿನ ಹೊಳಪಿನ ಹಾಳೆ, ಮೇಲೆ ನುಣುಪು ಲೇಪ ಇರುತ್ತಲ್ಲ, ಅದು. ಇಂಕನ್ನು ಹೀರಲಿಲ್ಲ. ಬರೆದು ಹತ್ತು ನಿಮಿಷ ಆದರೂ ಮುಟ್ಟಿದರೆ ಬೆರಳಿಗೆ ಬರುತ್ತಿತ್ತು. ನಾನು ಎಡಗೈಯಲ್ಲಿ ಬರೆಯುವವಳು. ಬರೆದ ಅಕ್ಷರದ ಮೇಲೇ ಕೈ ಹೋಗುತ್ತೆ. ಒಂದು ಸಾಲು ಮುಗಿಯುವಷ್ಟರಲ್ಲಿ ಅಂಗೈ ಅಂಚೆಲ್ಲ ನೀಲಿ, ಕಾರ್ಡಿನ ಮೇಲೆ ಬಾಲದ ಹಾಗೆ ಗೆರೆ.

ಇನ್ನೊಂದು ವಿಷಯ, ಇದು ಕನ್ನಡದಲ್ಲಿ ಬರೆಯುವವರಿಗೇ ಗೊತ್ತಾಗೋದು. ನಮ್ಮ ಅಕ್ಷರದಲ್ಲಿ ಸುತ್ತು ಜಾಸ್ತಿ, ಕೆಳಗೆ ಒತ್ತು ಬೇರೆ. ಮಿನುಗಿನ ಚೂರು ಹೊರಗೆ ಬರಬೇಕಾದರೆ ಮೊನೆಯ ಗುಂಡು ದಪ್ಪ ಇರಲೇಬೇಕು, ಈ ಪೆನ್ನಿನದು 1.0 ಮಿ.ಮೀ. ಅಷ್ಟು ದಪ್ಪದಲ್ಲಿ ಸಣ್ಣದಾಗಿ "ಲಕ್ಷ್ಮಿ" ಅಂತ ಬರೆದು ನೋಡಿ. ಕ್ಷ ಕೆಳಗಿನ ಮ ಒತ್ತಿನ ಸುತ್ತು ಮುಚ್ಚಿಹೋಗಿ ಒಂದು ಉಂಡೆ ಆಗುತ್ತೆ. "ಕೃಷ್ಣಮೂರ್ತಿ" ಅಂತ ಬರೆದದ್ದನ್ನು ನಾನೇ ಎರಡು ಸಲ ಓದಬೇಕಾಯ್ತು. ಇಂಗ್ಲಿಷ್ ಅಕ್ಷರಕ್ಕೆ ನಡೆಯಬಹುದು, ನಮಗೆ ಅಕ್ಷರ ಬೆರಳಗಲ ಇದ್ದರೆ ಮಾತ್ರ.

ಇನ್ನು ಮಾರಿದವರ ಉತ್ತರಗಳು. ಇದನ್ನೇ ಬರೆಯಬೇಕು ಅಂತ ಕೂತಿದ್ದು.

ಮೊದಲ ಮೆಸೇಜಿನಲ್ಲಿ 48ರ ಬದಲು 24 ಬಂದಿದೆ ಅಂದೆ. ಫೋಟೊ ಕಳಿಸಿದೆ. ಬಂದ ಉತ್ತರ: "ಮೇಡಂ, 48 ಪೀಸ್ ಸರಿಯಾಗಿ ಕಳಿಸಿದ್ದೇವೆ. ದಯವಿಟ್ಟು ಆರನೇ ಫೋಟೊ ನೋಡಿ."

ಹೋಗಿ ನೋಡಿದೆ. ಆರನೇ ಫೋಟೊ, ಕಟ್ಟಕಡೆಯದು. ಡಬ್ಬಿಯ ಹಿಂಭಾಗದ ಚಿತ್ರ. ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ, ಬೂದು ಬಣ್ಣದ ಮೇಲೆ ಬೂದು ಅಕ್ಷರದಲ್ಲಿ, 24 ಪೆನ್ನು ಕೂಡಿಸು 24 ರೀಫಿಲ್ ಅಂತ ಇತ್ತು. ಇತ್ತು! ಅಲ್ಲೇ ಇತ್ತು. ಇಡೀ ಸೆಟ್ಟಿನ ಮುಖ್ಯ ಲೆಕ್ಕ ಆರನೇ ಫೋಟೊದ ಮೂಲೆಯಲ್ಲಿ. ನನಗೆ ಮೋಸ ಆಗಿದೆ ಅಂತ ಅಷ್ಟೊತ್ತು ಜೋರಾಗಿ ಹೇಳುತ್ತಿದ್ದವಳು ಸುಮ್ಮನಾಗಬೇಕಾಯ್ತು. ಇವರು ಸುಳ್ಳು ಹೇಳಿಲ್ಲ, ಆದರೆ ಯಾರೂ ನೋಡದ ಜಾಗದಲ್ಲಿ ನಿಜ ಹೇಳಿದ್ದಾರೆ. ಅದಕ್ಕೆ ಏನು ಹೆಸರೋ, ನಾನಂತೂ ಮೋಸ ಅಂತಲೇ ಕರೆಯುತ್ತೇನೆ.

ಎರಡನೇ ದೂರು, ಕಪ್ಪು ಕಾಗದದ ಮೇಲೆ ಕಾಣುತ್ತಿಲ್ಲ. ಉತ್ತರ: "ನೀವು ಬಳಸಿದ ಪೇಪರ್ ಸರಿಯಿಲ್ಲ ಮೇಡಂ." ನಿಮ್ಮ ಫೋಟೊದಲ್ಲೂ ಕಪ್ಪು ಪೇಪರೇ ಅಲ್ವಾ ಅಂದೆ. "ಅದು ಅಲಂಕಾರಕ್ಕೆ ಹಾಕಿದ ಚಿತ್ರ." ಅಲಂಕಾರಕ್ಕೆ! ಪೆನ್ನು ಹೇಗೆ ಬರೆಯುತ್ತೆ ಅಂತ ತೋರಿಸುವ ಚಿತ್ರ ಅಲಂಕಾರಕ್ಕಂತೆ. ಆ ಒಂದು ಮಾತು ಇನ್ನೂ ಮನಸ್ಸಿನಲ್ಲಿ ಕುಟುಕುತ್ತಿದೆ.

ಮೂರನೆಯದು, ಮೂರು ಪೆನ್ನು ಬರೆಯುವುದೇ ಇಲ್ಲ ಅಂದೆ. ಜೋರಾಗಿ ಅಲ್ಲಾಡಿಸಿ ಅಂದರು. ಅಲ್ಲಾಡಿಸಿದೆ. ನಳಿಗೆಯ ಮಧ್ಯೆ ಗಾಳಿ ಸೇರಿ ಇಂಕು ಎರಡು ತುಂಡಾಯ್ತು. ಜೆಲ್ ಪೆನ್ನನ್ನು ಹಾಗೆ ಅಲ್ಲಾಡಿಸಬಾರದು, ಇದು ಪೆನ್ನು ಮಾರುವವರಿಗೇ ಗೊತ್ತಿಲ್ಲ. ಆಮೇಲೆ ಬಿಸಿ ನೀರಿನಲ್ಲಿ ಮೊನೆ ಅದ್ದಿ ಅಂದರು. ಅದ್ದಿದೆ. ಒಂದು ಬರೆಯಿತು, ಒಂದು ಸೋರಿ ಮೇಜೆಲ್ಲ ಗುಲಾಬಿ ಆಯ್ತು, ಇನ್ನೊಂದು ಹಾಗೇ ಉಳಿಯಿತು.

ಕೊನೆಗೆ, ಇಂಕು ಒರೆಸಿಕೊಂಡು ಹೋಗುತ್ತಿದೆ, ನಾನು ಎಡಗೈಯವಳು, ಬೇಗ ಆರುವ ಪೆನ್ನು ಅಂತ ಬರೆದಿದ್ದೀರಲ್ಲ ಅಂದೆ. ಬಂದ ಉತ್ತರ: "ಎಡಗೈಯಲ್ಲಿ ಬರೆದರೆ ನಾವು ಜವಾಬ್ದಾರರಲ್ಲ." ಓದಿ ಎಷ್ಟೋ ಹೊತ್ತು ಏನೂ ಬರೆಯಲು ಆಗಲಿಲ್ಲ. ಚಿಕ್ಕಂದಿನಿಂದ ಈ ಕೈಯ ಬಗ್ಗೆ ಕೇಳಿಕೊಂಡು ಬಂದ ಮಾತುಗಳೆಲ್ಲ ಒಟ್ಟಿಗೆ ನೆನಪಾದವು. ದುಡ್ಡು ವಾಪಸ್ ಕೇಳಿದಾಗ, ಬಳಸಿದ ಪೆನ್ನನ್ನು ವಾಪಸ್ ತೆಗೆದುಕೊಳ್ಳಲ್ಲ ಅಂದರು. ಬಳಸದೆ ಪೆನ್ನು ಬರೆಯಲ್ಲ ಅಂತ ಗೊತ್ತಾಗೋದು ಹೇಗೆ?

ಇದೇನು ನಿನ್ನೆ ಮೊನ್ನೆ ಬಂದ ವಸ್ತು ಅಲ್ಲ. ಜಪಾನಿನ ಸಕುರಾ ಕಂಪನಿ 1984ರಲ್ಲೇ ಜೆಲ್ ಪೆನ್ನು ತಂದಿತ್ತು. ನಲವತ್ತು ವರ್ಷದ ಮೇಲಾಯ್ತು. ಯಾವ ಹಾಳೆಗೆ ಯಾವ ಇಂಕು ಅಂತ ಮಾರುವವರಿಗೆ ಗೊತ್ತಿರಲೇಬೇಕು. ಹೇಳುವ ಮನಸ್ಸಿಲ್ಲ, ಅಷ್ಟೆ.

ನೀವು ತೆಗೆದುಕೊಳ್ಳುವುದಾದರೆ ಇಷ್ಟು ನೋಡಿ. ಪೀಸ್ ಅಂತ ಇದ್ದರೆ ಪೆನ್ನು ಎಷ್ಟು, ರೀಫಿಲ್ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಕೊನೆಯ ಫೋಟೊದವರೆಗೂ ಹೋಗಿ, ಮೂಲೆ ಮೂಲೆ ದೊಡ್ಡದು ಮಾಡಿ ನೋಡಿ. ದೊಡ್ಡ ಸೆಟ್ಟು ಬೇಡವೇ ಬೇಡ. ಅಂಗಡಿಯಲ್ಲಿ ಬಿಡಿಯಾಗಿ ಎರಡು ಪೆನ್ನು ಕೊಳ್ಳಿ, ನಿಮ್ಮ ಕಾರ್ಡಿನದೇ ಹಾಳೆಯ ಚೂರು ಒಂದನ್ನು ಜೊತೆಗೆ ಒಯ್ಯಿರಿ. ಅದರ ಮೇಲೆ ಬರೆದು, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬೆರಳಿನಿಂದ ಉಜ್ಜಿ ನೋಡಿ. ಕಪ್ಪು ಹಾಳೆಗೆ ಮೆಟಾಲಿಕ್ ಅಥವಾ ಬಿಳಿ ಜೆಲ್ ಪೆನ್ನು, ಗ್ಲಿಟರ್ ಬೇಕೇ ಬೇಕು ಅಂದರೆ ಮೊದಲು ಬಿಳಿಯಲ್ಲಿ ಬರೆದು, ಪೂರ್ತಿ ಆರಿದ ಮೇಲೆ ಅದರ ಮೇಲೆ ಎಳೆಯಿರಿ. ನಾನು ಕೊನೆಗೆ ಹಾಗೇ ಮಾಡಿದ್ದು. ಚೆನ್ನಾಗಿಯೇ ಬಂತು, ಆದರೆ ಒಂದೊಂದು ಹೆಸರಿಗೂ ಎರಡು ಸಲ ಕೆಲಸ. ಒಳಗಿನ ಹಾಳೆಯನ್ನು ಬದಲಾಯಿಸಿ ಹೊಳಪಿಲ್ಲದ ಬಿಳಿ ಹಾಕಿದೆ. ಹೆಸರನ್ನೂ ದೊಡ್ಡದಾಗಿ ಬರೆದೆ.

ಹಾಳಾದ ಆ 14 ಕಾರ್ಡನ್ನು ಮತ್ತೆ ಮೊದಲಿನಿಂದ ಕತ್ತರಿಸಿ, ಮಡಿಸಿ, ಅಂಟಿಸಿ ಮಾಡಿದೆ. ಮೂರು ರಾತ್ರಿ ಹಿಡಿಯಿತು. ಗೆಳತಿಗೆ ಇದ್ಯಾವುದನ್ನೂ ಹೇಳಿಲ್ಲ. ಮದುವೆಯ ಓಡಾಟದಲ್ಲಿ ಅವಳಿಗೆ ಇದೊಂದು ಚಿಂತೆ ಬೇಡ ಅಂತ.

24 ರೀಫಿಲ್ಲೂ ಕವರ್ ಒಡೆಯದೆ ಡಬ್ಬಿಯಲ್ಲೇ ಇವೆ. ಪಕ್ಕದ ಮನೆಯವರು ಮಕ್ಕಳಿಗೆ ಕೊಡ್ತೀರಾ ಅಂತ ಕೇಳಿದರು. ಬಿಳಿ ಹಾಳೆಯ ಮೇಲೆ ಮಾತ್ರ ಬರೆಯಲು ಹೇಳಿ ಅಂತ ಎರಡೆರಡು ಸಲ ಹೇಳಿ, ನಾಳೆ ಕೊಡುತ್ತೇನೆ ಅಂದಿದ್ದೇನೆ.