999 ರೂಪಾಯಿ ಕಾರ್ಡ್, ಫ್ರೀ ಕಾರ್ಡ್, ರುಪೇ ಕಾರ್ಡ್: ಹಾಸನದಲ್ಲಿ ಯಾವುದು ಗಿಟ್ಟಿತು?

ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟಿನ ಕೊನೆಯಲ್ಲಿ ಎರಡು ಸಾಲು. ವಾರ್ಷಿಕ ಶುಲ್ಕ 999.00. ಅದರ ಕೆಳಗೆ ಜಿಎಸ್‌ಟಿ 179.82. ಕಾರ್ಡ್ ಕೊಡುವಾಗ ಎಲ್ಲರೂ ಹೇಳುವುದು 999 ಅಂತ. ಶೇಕಡ 18ರ ತೆರಿಗೆ ಸೇರಿ ಕೈಯಿಂದ ಹೋಗುವುದು 1,178 ರೂಪಾಯಿ 82 ಪೈಸೆ. ಲೆಕ್ಕ ಇಲ್ಲಿಂದ ಶುರುವಾಗಬೇಕು.

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಮನೆ ಖರ್ಚನ್ನೂ ಉದ್ದ ಪುಸ್ತಕದಲ್ಲಿ ಬರೆದಿಡುತ್ತೇನೆ. ಹಾಗಾಗಿ ಒಂದು ವರ್ಷ ಫೀಸ್ ಇರುವ ಕಾರ್ಡ್, ಮುಂದಿನ ವರ್ಷ ಫೀಸ್ ಇಲ್ಲದ ಕಾರ್ಡ್, ಅದರ ಜೊತೆ ಆರು ತಿಂಗಳು ಯುಪಿಐಗೆ ಸೇರಿಸಿದ ರುಪೇ ಕಾರ್ಡ್ ಬಳಸಿ ನೋಡಿದೆ.

ಮೊದಲನೆಯದನ್ನು ಕೊಡಿಸಿದ್ದು ಬೆಂಗಳೂರಲ್ಲಿರುವ ನನ್ನ ತಮ್ಮ. "ಅಕ್ಕ, ಆನ್‌ಲೈನ್‌ನಲ್ಲಿ ನೂರಕ್ಕೆ ಐದು ರೂಪಾಯಿ ವಾಪಸ್ ಬರುತ್ತೆ, ಅಂಗಡಿಯಲ್ಲಿ ಉಜ್ಜಿದರೆ ಒಂದು ರೂಪಾಯಿ. ಸುಮ್ನೆ ತಗೋ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಮನೆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಬರೆದು ಕೂಡಿಸುವ ತನಕ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ವರ್ಷ ಕಾರ್ಡಿನಲ್ಲಿ ಖರ್ಚಾಗಿದ್ದು 1,62,000 ರೂಪಾಯಿ. ಅದರಲ್ಲಿ ಮಗಳ ಸ್ಕೂಲ್ ಫೀಸ್ 38,000, ಪೆಟ್ರೋಲ್ 30,000, ಎಲ್‌ಐಸಿ ಕಂತು 24,000. ಈ ಮೂರಕ್ಕೂ ನನ್ನ ಕಾರ್ಡಿನಲ್ಲಿ ಒಂದು ಪೈಸೆಯೂ ವಾಪಸ್ ಇಲ್ಲ. ನಿಯಮಗಳ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ಉಳಿದದ್ದು ಆನ್‌ಲೈನ್ 42,000, ಅಂಗಡಿಗಳಲ್ಲಿ 28,000. ಅದಕ್ಕೆ ಬಂದದ್ದು 2,100 ಮತ್ತು 280, ಒಟ್ಟು 2,380. ಫೀಸ್ ಕಳೆದರೆ 1,201 ರೂಪಾಯಿ ಉಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಕಾರ್ಡ್ ಗಿಟ್ಟಿತು ಅಂತಲೇ ಅನಿಸುತ್ತದೆ, ಅಲ್ವಾ? ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಪುಸ್ತಕ ಇಟ್ಟುಕೊಂಡು ಫ್ರೀ ಕಾರ್ಡಿನ ಲೆಕ್ಕವನ್ನೂ ಹಾಕಿದೆ. ಅದರಲ್ಲಿ ಆನ್‌ಲೈನ್, ಅಂಗಡಿ, ಎಲ್‌ಐಸಿ ಎಲ್ಲಕ್ಕೂ ನೂರಕ್ಕೆ ಒಂದು ರೂಪಾಯಿ. ಸ್ಕೂಲ್ ಫೀಸ್, ಪೆಟ್ರೋಲ್‌ಗೆ ಅದರಲ್ಲೂ ಇಲ್ಲ. 94,000 ರೂಪಾಯಿಗೆ 940 ಬರುತ್ತಿತ್ತು. ಅಂದರೆ ಫೀಸ್ ಕಟ್ಟಿ ನಾನು ಜಾಸ್ತಿ ಗಳಿಸಿದ್ದು ವರ್ಷಕ್ಕೆ 261 ರೂಪಾಯಿ. ಫೀಸನ್ನು ಬಂದ ಒಟ್ಟು ಹಣದ ಜೊತೆ ತೂಗಬಾರದು. ಫ್ರೀ ಕಾರ್ಡ್ ಹೇಗೂ ಕೊಡುತ್ತಿದ್ದುದನ್ನು ಕಳೆದು, ಮಿಕ್ಕಿದ್ದರ ಜೊತೆ ತೂಗಬೇಕು. ನಮ್ಮ ಮನೆ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 3,000 ರೂಪಾಯಿ ಆನ್‌ಲೈನ್ ಖರ್ಚು ಇದ್ದರೆ ಎರಡೂ ಕಾರ್ಡ್ ಸಮ. ಅದಕ್ಕಿಂತ ಕಡಿಮೆಯಾದರೆ ಫೀಸ್ ಕಾರ್ಡ್ ನಷ್ಟ.

ಆ 261 ಕೂಡ ಪೂರ್ತಿ ನನ್ನದಲ್ಲ. ಐದು ರೂಪಾಯಿ ಆಸೆಗೆ ದಿನಸಿಯನ್ನೂ ಆನ್‌ಲೈನ್‌ನಲ್ಲಿ ತರಿಸಲು ಶುರು ಮಾಡಿದ್ದೆ. ಒಂದು ದಿನ ತೊಗರಿಬೇಳೆ ಪ್ಯಾಕೆಟ್ ಹಿಡಿದು ನಮ್ಮ ಬೀದಿ ಅಂಗಡಿಯ ಬೆಲೆ ಕೇಳಿದೆ. ಅದೇ ಕಂಪನಿ, ಅದೇ ಒಂದು ಕೆಜಿ. ನಾನು ಕೊಟ್ಟಿದ್ದು 184, ಅಂಗಡಿಯಲ್ಲಿ 170. ಕಾರ್ಡ್ ವಾಪಸ್ ಕೊಟ್ಟಿದ್ದು 9 ರೂಪಾಯಿ. ಐದು ರೂಪಾಯಿ ನಷ್ಟ ಮಾಡಿಕೊಂಡು, ಹತ್ತು ವರ್ಷದಿಂದ ಸಾಲ ಕೊಟ್ಟು ಕಾಪಾಡಿದ ಅಂಗಡಿಯವರ ವ್ಯಾಪಾರವನ್ನೂ ತಪ್ಪಿಸಿದ್ದೆ. ಅವತ್ತು ನನಗೆ ನಿಜವಾಗಿ ಬೇಜಾರಾಯಿತು.

ಅಂಗಡಿಗಳಲ್ಲಿ ಉಜ್ಜುವ ವಿಷಯ ಇನ್ನೊಂದು ಥರ. ಮಿಕ್ಸಿ ತಗೊಳ್ಳಲು ಹೋದ ಕಡೆ ಕಾರ್ಡ್ ಕೊಟ್ಟರೆ ಶೇಕಡ ಎರಡು ಜಾಸ್ತಿ ಕೇಳಿದರು. ಒಂದು ರೂಪಾಯಿ ವಾಪಸ್ ಬರುವ ಕಾರ್ಡಿಗೆ ಎರಡು ರೂಪಾಯಿ ಕೊಡುವುದು ಯಾವ ಲೆಕ್ಕ? ಕ್ಯಾಶ್ ಕೊಟ್ಟು ಬಂದೆ. ಪೆಟ್ರೋಲ್‌ಗೆ ಕಾರ್ಡ್ ಕೊಟ್ಟರೆ ಬೀಳುವ ಶೇಕಡ ಒಂದರ ಸರ್‌ಚಾರ್ಜ್, ಅಂದರೆ ಹೆಚ್ಚುವರಿ ಶುಲ್ಕ, ಮಾಫಿ ಇದೆ ಅಂತ ಕಾರ್ಡಿನ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿತ್ತು. ಆದರೆ ಅದು ಒಂದು ಸಲಕ್ಕೆ 500 ರೂಪಾಯಿ ದಾಟಿದರೆ ಮಾತ್ರ. ನನ್ನ ಸ್ಕೂಟರಿಗೆ ನಾನು ಹಾಕಿಸುವುದೇ 300.

ಕರೆಂಟ್ ಬಿಲ್ ಆಫರ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ಸೆಸ್ಕ್‌ನಿಂದ ಸೊನ್ನೆ ಬಿಲ್ ಬರುತ್ತದೆ. ವಿಮಾನ ನಿಲ್ದಾಣದ ಲಾಂಜಿನಲ್ಲಿ ಕೂರಲು ಬಿಡುವ 2,500 ರೂಪಾಯಿಯ ಕಾರ್ಡಿಗೂ ಫೋನ್ ಬಂದಿತ್ತು. ತೆರಿಗೆ ಸೇರಿ 2,950. ವಿಮಾನ ಹತ್ತಲು ನಾವು ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು. ಬೇಡ ಅಂದೆ.

ವರ್ಷಕ್ಕೆ ಎರಡು ಲಕ್ಷ ಖರ್ಚು ಮಾಡಿದರೆ ಫೀಸ್ ಮಾಫಿ ಅನ್ನುವ ಮಾತು ಇದೆಯಲ್ಲ, ಅದರ ಬಗ್ಗೆ ಸ್ವಲ್ಪ ಎಚ್ಚರ ಬೇಕು. ವರ್ಷ ಮುಗಿಯುವಾಗ ನಮಗೆ 38,000 ಕಡಿಮೆ ಬಿದ್ದಿತ್ತು. "ಹೇಗೂ ದೊಡ್ಡ ಟಿವಿ ತಗೋಬೇಕು ಅಂತಿದ್ವಲ್ಲ, ಈಗಲೇ ತಗೊಳ್ಳೋಣ, ಫೀಸ್ ಉಳಿಯುತ್ತೆ" ಅಂದರು ನಮ್ಮನೆಯವರು. ಇಬ್ಬರೂ ಮೊಬೈಲ್‌ನಲ್ಲಿ ಟಿವಿ ನೋಡುತ್ತಾ ಕೂತೆವು. 1,179 ಉಳಿಸಲು 38,000 ಕೊಡುವ ಹಾಗಾಗುತ್ತಿತ್ತು. ಹಳೇ ಟಿವಿ ಚೆನ್ನಾಗಿಯೇ ಓಡುತ್ತಿತ್ತು. ತಗೊಳ್ಳಲಿಲ್ಲ.

ಎರಡನೇ ವರ್ಷದ ಫ್ರೀ ಕಾರ್ಡಿನಲ್ಲಿ ಕೈಗೆ ಬಂದದ್ದು 912 ರೂಪಾಯಿ. ಮಾಫಿ, ಗಡುವು, ಗುರಿ ಯಾವುದೂ ಇಲ್ಲ. ಆ ನೆಮ್ಮದಿಗೇ 261 ರೂಪಾಯಿಗಿಂತ ಜಾಸ್ತಿ ಬೆಲೆ ಅಂತ ನನಗನಿಸಿತು.

ರುಪೇ ಕಾರ್ಡ್ ಕೊಡುವುದು ಇನ್ನೂ ಕಡಿಮೆ. ನೂರಕ್ಕೆ ಎರಡು ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ, ಅಂದರೆ ನೂರಕ್ಕೆ ಐವತ್ತು ಪೈಸೆ. ಆದರೂ ಹಾಸನದಂಥ ಊರಿಗೆ ಹೊಂದುವುದು ಇದೇ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಸೇರಿಸಬಹುದು. ಉಜ್ಜುವ ಮಿಷನ್ ಇಲ್ಲದ ಮೆಡಿಕಲ್ ಶಾಪ್, ಬೇಕರಿಯಲ್ಲೂ ಸ್ಕ್ಯಾನ್ ಮಾಡಿದರಾಯಿತು. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಇದರ ಮೇಲೆ ಶುಲ್ಕ ಬೀಳುವುದಿಲ್ಲ, ಹಾಗಾಗಿ ಅವರೂ ಜಾಸ್ತಿ ಕೇಳುವುದಿಲ್ಲ.

ಎಲ್ಲ ಕಡೆ ನಡೆಯುತ್ತದೆ ಅಂತಲೂ ಅಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ನಾನು ಸೊಪ್ಪು ತಗೊಳ್ಳುವ ಅಮ್ಮ ಕ್ಯೂಆರ್ ಹಾಳೆಯನ್ನು ತಕ್ಕಡಿಗೆ ದಾರದಲ್ಲಿ ಕಟ್ಟಿದ್ದಾರೆ. ಅದು ಅವರ ಮಗನ ಸ್ವಂತ ಖಾತೆಯದು, ಅಂಗಡಿ ಖಾತೆಯದಲ್ಲ. ಸ್ಕ್ಯಾನ್ ಮಾಡಿದರೆ ಕಾರ್ಡಿನ ಹೆಸರು ಮಸುಕಾಗಿ ಕಾಣುತ್ತದೆ, ಒತ್ತಲು ಬರುವುದಿಲ್ಲ. "ಬ್ಯಾಂಕಿಂದಾನೇ ಹಾಕವ್ವ" ಅಂದರು. ಮೂರು ಕಟ್ಟು ದಂಟಿನ ಸೊಪ್ಪಿಗೆ ಹಾಗೇ ಹಾಕಿದೆ. ಇನ್ನು ನೂರು ರೂಪಾಯಿಯೊಳಗಿನ ಬಿಲ್ಲಿಗೆ ನನ್ನ ಕಾರ್ಡಿನಲ್ಲಿ ಪಾಯಿಂಟ್ ಇಲ್ಲ. ಆರು ತಿಂಗಳಲ್ಲಿ 27,000 ಖರ್ಚಿಗೆ 135 ರೂಪಾಯಿ ಬರಬೇಕಿತ್ತು, ಬಂದದ್ದು 112.

ಯಾವ ಕಾರ್ಡ್ ಇದ್ದರೂ ಒಂದು ಮಾತು. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆದ ವಾರ ಮನೆ ತುಂಬ ನೆಂಟರು, ಬಿಲ್ ಕಟ್ಟುವುದು ಐದು ದಿನ ತಡವಾಯಿತು. ದಂಡ, ಬಡ್ಡಿ, ಎರಡರ ಮೇಲೆ ಜಿಎಸ್‌ಟಿ ಸೇರಿ ಸಾವಿರದ ಹತ್ತಿರ ಹೋಯಿತು. ವರ್ಷವಿಡೀ ಕೂಡಿಸಿದ್ದು ಒಂದೇ ತಿಂಗಳಲ್ಲಿ ಹೋಗುತ್ತದೆ. ಈಗ ಪೂರ್ತಿ ಬಿಲ್ ಖಾತೆಯಿಂದ ತಾನೇ ಕಟ್ ಆಗುವ ಹಾಗೆ ಮಾಡಿಸಿದ್ದೇನೆ.

ಫೀಸ್ ಕಾರ್ಡ್ ನಿಲ್ಲಿಸಿದ್ದು ಎರಡನೇ ಸಲದ 999 ಬಿದ್ದ ಮೇಲೆ. ಮೊದಲು ಫೋನ್ ಮಾಡಿ ಮಾಫಿ ಕೇಳಿದೆ, ಆಗುವುದಿಲ್ಲ ಅಂದರು. ಕಾರ್ಡ್ ಮುಚ್ಚಿ ಅಂದ ಕೂಡಲೇ ಇನ್ನೊಬ್ಬರಿಗೆ ಫೋನ್ ಕೊಟ್ಟರು, ಅವರು ಫೀಸ್ ವಾಪಸ್ ಮಾಡಿದರು. ಮುಂದಿನ ವರ್ಷ ಮತ್ತೆ ಇದೇ ಮಾತಾಡಬೇಕಲ್ಲ ಅಂತ ಮುಚ್ಚಿಸಿಯೇ ಬಿಟ್ಟೆ. ಬಾಕಿ ಇಲ್ಲದಿದ್ದರೆ ಕೇಳಿದ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು ಅಂತ 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದನ್ನು ಇಮೇಲ್‌ನಲ್ಲಿ ಬರೆದೆ, ನಾಲ್ಕನೇ ದಿನ ಮುಚ್ಚಿದರು.

ನನ್ನ ತಮ್ಮ ಅದೇ ಕಾರ್ಡ್ ಇಟ್ಟುಕೊಂಡಿದ್ದಾನೆ. ಅವನ ಮನೆಗೆ ಊಟ, ಔಷಧಿ, ಬಟ್ಟೆ ಎಲ್ಲ ಆನ್‌ಲೈನ್‌ನಲ್ಲೇ ಬರುವುದು, ತಿಂಗಳಿಗೆ ಹದಿನೈದು ಸಾವಿರ ದಾಟುತ್ತದೆ. ಅವನಿಗೆ ಗಿಟ್ಟುತ್ತದೆ, ಇಟ್ಟುಕೋ ಅಂತ ನಾನೇ ಹೇಳಿದೆ. ನನ್ನ ಪರ್ಸಿನಲ್ಲಿ ಈಗ ಎಲ್‌ಐಸಿ ಮತ್ತು ಆನ್‌ಲೈನ್‌ಗೆ ಫ್ರೀ ಕಾರ್ಡ್, ಮೆಡಿಕಲ್ ಶಾಪಿಗೆ ರುಪೇ. ತೊಗರಿಬೇಳೆ ಬೀದಿ ಅಂಗಡಿಯದು.